ಚಿಪ್ ಒಂದೇ, ಬೋರ್ಡ್ ಬೇರೆ: ಹೃದಯ ಸಂಕೇತ ಮಾಪನ ಮತ್ತು ಸಣ್ಣ ಉದ್ದಿಮೆಯ ಹೊಣೆ

ಹೃದಯದ ಬಡಿತದೊಡನೆ ಮನುಷ್ಯನ ಚರ್ಮದ ಮೇಲೆ ಮೂಡುವ ವಿದ್ಯುತ್ ಸಂಕೇತವನ್ನು ಅಳೆಯುವ ಸಾಮರ್ಥ್ಯ ಒಂದು ಕಾಲದಲ್ಲಿ ಕೋಣೆಯನ್ನೇ ಆಕ್ರಮಿಸುವ ಯಂತ್ರಕ್ಕೆ ಮಾತ್ರ ಇತ್ತು. ಹಾಲೆಂಡಿನ ವಿಲ್ಲೆಮ್ ಐಂಥೋವನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ, 1924ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯನ್ನು ತಂದುಕೊಟ್ಟ ಉಪಕರಣದ ತೂಕ ಸುಮಾರು 270 ಕಿಲೋಗ್ರಾಂ. ಅದೇ ಕೆಲಸದ ಮೊದಲ ಹಂತವನ್ನು ಇಂದು ನೆರವೇರಿಸುವ ಚಿಪ್‌ನ ಅಳತೆ ಒಂದು ಕಡಲೆಬೇಳೆಗಿಂತ ಹೆಚ್ಚಿಲ್ಲ. ಅಮೆರಿಕದ ಅನಲಾಗ್ ಡಿವೈಸಸ್ ಸಂಸ್ಥೆ 2012ರಲ್ಲಿ ಮಾರುಕಟ್ಟೆಗೆ ತಂದ ಎಡಿ 8232 ಎಂಬ ಚಿಪ್ 4 ಮಿಲಿಮೀಟರ್ ಉದ್ದ, 4 ಮಿಲಿಮೀಟರ್ ಅಗಲವಿದ್ದು, ಅದರ ಅಂಚಿನಲ್ಲಿ 20 ಸಂಪರ್ಕಬಿಂದುಗಳಿವೆ.

ಇಷ್ಟು ಚಿಕ್ಕ ಚಿಪ್‌ಗೆ ವಿದ್ಯಾರ್ಥಿಯಾಗಲಿ, ಸಣ್ಣ ಕಾರ್ಯಾಗಾರದ ತಂತ್ರಜ್ಞನಾಗಲಿ ಕೈಯಿಂದ ಬೆಸುಗೆ ಹಾಕುವುದು ಕಷ್ಟಸಾಧ್ಯ. ಆದ್ದರಿಂದ ಚಿಪ್ಪನ್ನೂ ಅದಕ್ಕೆ ಅವಶ್ಯವಾದ ರೆಸಿಸ್ಟರ್, ಕೆಪಾಸಿಟರ್ ಮೊದಲಾದ ಬಿಡಿಭಾಗಗಳನ್ನೂ ಒಂದು ಪುಟ್ಟ ಹಲಗೆಯ ಮೇಲೆ ಕೂರಿಸಿ, ಸಂಪರ್ಕಗಳನ್ನು ಸುಲಭವಾಗಿ ಕೈಗೆಟುಕುವ ಪಿನ್ನುಗಳಿಗೆ ಹೊರತಂದು ಮಾರುವ ಪದ್ಧತಿ ಬೆಳೆದುಬಂದಿದೆ. ಇದಕ್ಕೆ ಬ್ರೇಕ್‌ಔಟ್ ಬೋರ್ಡ್ ಎಂದು ಹೆಸರು. ಮೇಲ್ನೋಟಕ್ಕೆ ಇದು ಬರಿಯ ಜೋಡಣೆಯ ಕೆಲಸವೆಂದು ತೋರುತ್ತದೆ. ಹಾಗೆ ಭಾವಿಸಿದ ಉದ್ದಿಮೆದಾರ ಬೆಲೆಯೊಂದರಲ್ಲೇ ಪೈಪೋಟಿಗೆ ಇಳಿಯುತ್ತಾನೆ. ಲಕ್ಷಗಟ್ಟಲೆ ಸಂಖ್ಯೆಯಲ್ಲಿ ತಯಾರಿಸುವ ವಿದೇಶಿ ಕಾರ್ಖಾನೆಯೆದುರು ಆ ಪೈಪೋಟಿಯಲ್ಲಿ ಸೋಲುತ್ತಾನೆ. ಚಿಪ್ ಎಲ್ಲರಿಗೂ ಒಂದೇ. ಬೋರ್ಡಿನಿಂದ ಬೋರ್ಡಿಗೆ ವ್ಯತ್ಯಾಸವನ್ನು ತರುವುದು ಚಿಪ್‌ನ ಸುತ್ತ ತಯಾರಕನು ಕೈಗೊಳ್ಳುವ ನಿರ್ಧಾರಗಳು. ಆ ನಿರ್ಧಾರಗಳೇ ಅವನ ನಿಜವಾದ ಸರಕು ಎಂಬುದನ್ನು ಸಣ್ಣ ಉದ್ದಿಮೆಗಳು ಮನಗಾಣಬೇಕಾದ ಕಾಲ ಬಂದಿದೆ.

ರಾಜಾನುಕುಂಟೆಯ ಸನ್ನಿವೇಶ

ಈ ಮಾತು ಬೆಂಗಳೂರಿನ ಉತ್ತರ ಭಾಗಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ರಾಜಾನುಕುಂಟೆಗೆ ರೈಲು ನಿಲ್ದಾಣವೂ ಇದೆ. ಅದೇ ರಸ್ತೆಯಲ್ಲಿ ಮುಂದೆ ಸಾಗಿದರೆ ಬಾಶೆಟ್ಟಿಹಳ್ಳಿ, ಓಬದೇನಹಳ್ಳಿಗಳ ಕೈಗಾರಿಕಾ ಪ್ರದೇಶಗಳು ಸಿಗುತ್ತವೆ. ಇಂಥ ಬೋರ್ಡುಗಳಿಗೆ ಗಿರಾಕಿಗಳಾಗಬಲ್ಲ ವಿದ್ಯಾಸಂಸ್ಥೆಗಳೂ ಇದೇ ಪಟ್ಟಿಯಲ್ಲಿವೆ: ರಾಜಾನುಕುಂಟೆಯಲ್ಲಿ ಸಾಯಿ ವಿದ್ಯಾ ತಾಂತ್ರಿಕ ವಿದ್ಯಾಲಯ, ಸಮೀಪದ ಇಟಗಲ್‌ಪುರದಲ್ಲಿ ಪ್ರೆಸಿಡೆನ್ಸಿ ವಿಶ್ವವಿದ್ಯಾಲಯ, ಯಲಹಂಕದ ಕಡೆಗೆ ಆವಲಹಳ್ಳಿಯಲ್ಲಿ ಬಿ.ಎಂ.ಎಸ್. ತಾಂತ್ರಿಕ ವಿದ್ಯಾಲಯ. ಎಲೆಕ್ಟ್ರಾನಿಕ್ಸ್ ವಿಭಾಗಗಳ ವಿದ್ಯಾರ್ಥಿ ಯೋಜನೆಗಳಲ್ಲಿ ಹೃದಯ ಬಡಿತದ ಮಾಪನ ಬಹುಜನಪ್ರಿಯ ವಿಷಯ. ಅವರು ಬೋರ್ಡುಗಳನ್ನು ಎಸ್.ಪಿ. ರಸ್ತೆಯ ಅಂಗಡಿಗಳಿಂದಲೋ ಅಂತರಜಾಲದ ಮಳಿಗೆಗಳಿಂದಲೋ ತರಿಸಿಕೊಳ್ಳುತ್ತಾರೆ. ಹಾಗೆ ಬರುವ ಅಗ್ಗದ ಮಾಲಿನಲ್ಲಿ ಆಮದಾದ ನಕಲುಗಳ ಪಾಲು ದೊಡ್ಡದು.

ದೊಡ್ಡಬಳ್ಳಾಪುರದ ನೇಕಾರಿಕೆಯನ್ನು ಬಲ್ಲವರಿಗೆ ಈ ವಿಷಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದೇ ಮಳಿಗೆಯಿಂದ ತಂದ ಒಂದೇ ನೂಲಿನಿಂದ ನೇಯ್ದ ಎರಡು ಸೀರೆಗಳಿಗೆ ಎರಡು ಬೆಲೆ ಬರುವುದುಂಟು. ಹಾಸು ಹೊಕ್ಕುಗಳ ಲೆಕ್ಕ, ಅಂಚಿನ ಬಿಗಿ, ಬಣ್ಣ ನಿಲ್ಲುವ ಗುಣ ಇವೇ ಬೆಲೆಯನ್ನು ನಿರ್ಧರಿಸುತ್ತವೆ. ಎಲೆಕ್ಟ್ರಾನಿಕ್ ಬೋರ್ಡಿನಲ್ಲಿಯೂ ನೂಲು ಹೊರಗಿನದು, ನೇಯ್ಗೆ ಒಳಗಿನದು.

ಅಳೆಯಬೇಕಾದ ಸಂಕೇತದ ಸ್ವರೂಪ

ನಿರ್ಧಾರಗಳು ಏಕೆ ಮುಖ್ಯವೆಂದು ತಿಳಿಯಲು ಸಂಕೇತದ ಸ್ವರೂಪವನ್ನು ಅರಿಯುವುದು ಅಗತ್ಯ. ಎದೆಯ ಅಥವಾ ಕೈಕಾಲುಗಳ ಚರ್ಮದ ಮೇಲೆ ದೊರೆಯುವ ಹೃದಯ ಸಂಕೇತದ ಪ್ರಮಾಣ ಸುಮಾರು 1 ಮಿಲಿವೋಲ್ಟ್, ಅಂದರೆ ಒಂದು ವೋಲ್ಟಿನ ಸಾವಿರದಲ್ಲೊಂದು ಭಾಗ. ಆದರೆ ಚರ್ಮಕ್ಕೆ ಅಂಟಿಸುವ ಎಲೆಕ್ಟ್ರೋಡಿನ ಲೋಹ ಮತ್ತು ಅದರ ಅಂಟುದ್ರವಗಳ ನಡುವೆ ತಾನಾಗಿ ಹುಟ್ಟುವ ಸ್ಥಿರ ವೋಲ್ಟೇಜು 300 ಮಿಲಿವೋಲ್ಟಿನವರೆಗೂ ಇರಬಹುದು. ಇವೆರಡರ ಮೇಲೆ, ಕೋಣೆಯ ಗೋಡೆಗಳಲ್ಲಿ ಹರಿಯುವ 230 ವೋಲ್ಟಿನ ವಿದ್ಯುತ್ತು ಮನುಷ್ಯನ ಇಡೀ ದೇಹವನ್ನೇ ಒಂದು ಆಂಟೆನಾ ಮಾಡಿಕೊಂಡು 50 ಹರ್ಟ್ಸ್ ಕಂಪನದ ಗದ್ದಲವನ್ನು ಬೆರೆಸುತ್ತದೆ.

ಹೀಗಾಗಿ ಸಂಕೇತವನ್ನು ಸುಮ್ಮನೆ ಹಿಗ್ಗಿಸಿದರೆ ಪ್ರಯೋಜನವಿಲ್ಲ. ಎಡಿ 8232 ಚಿಪ್‌ನ ಮೊದಲ ಹಂತ ಸಂಕೇತವನ್ನು 100 ಪಟ್ಟು ಹಿಗ್ಗಿಸುತ್ತದೆ. 300 ಮಿಲಿವೋಲ್ಟಿನ ಸ್ಥಿರ ವೋಲ್ಟೇಜನ್ನೂ ಅಷ್ಟೇ ಹಿಗ್ಗಿಸಿದರೆ 30 ವೋಲ್ಟ್ ಆಗಬೇಕು, 3.3 ವೋಲ್ಟಿನಲ್ಲಿ ನಡೆಯುವ ಚಿಪ್‌ಗೆ ಅದು ಅಸಾಧ್ಯ. ಆದ್ದರಿಂದ ಚಿಪ್ ಹಿಗ್ಗಿಸುತ್ತಿರುವಾಗಲೇ ಸ್ಥಿರ ಭಾಗವನ್ನು ಕಳೆಯುತ್ತದೆ. ಎಷ್ಟು ನಿಧಾನವಾದ ಏರಿಳಿತವನ್ನು ಸ್ಥಿರವೆಂದು ಪರಿಗಣಿಸಿ ಕಳೆಯಬೇಕು, ಎಷ್ಟು ವೇಗದ ಏರಿಳಿತವನ್ನು ಗದ್ದಲವೆಂದು ತಡೆಯಬೇಕು ಎಂಬುದನ್ನು ಚಿಪ್ ತಾನಾಗಿ ನಿರ್ಧರಿಸುವುದಿಲ್ಲ. ಹೊರಗೆ ಜೋಡಿಸುವ ರೆಸಿಸ್ಟರ್ ಮತ್ತು ಕೆಪಾಸಿಟರುಗಳ ಬೆಲೆಯಿಂದ, ಅರ್ಥಾತ್ ಬೋರ್ಡ್ ತಯಾರಕನ ಆಯ್ಕೆಯಿಂದ ಅದು ನಿರ್ಧಾರವಾಗುತ್ತದೆ.

ಮೊದಲ ಆಯ್ಕೆ: ಯಾವ ಉಪಯೋಗಕ್ಕೆ?

ಇಲ್ಲಿಯೇ ಅತಿ ಮುಖ್ಯವಾದ ಕವಲುದಾರಿ ಎದುರಾಗುತ್ತದೆ. ಬಡಿತವನ್ನು ಎಣಿಸುವುದಷ್ಟೇ ಉದ್ದೇಶವಾದರೆ 0.5 ಹರ್ಟ್ಸ್‌ನಿಂದ 40 ಹರ್ಟ್ಸ್‌ವರೆಗಿನ ಕಂಪನಗಳನ್ನು ಉಳಿಸಿಕೊಂಡರೆ ಧಾರಾಳವಾಯಿತು. ಮಾರುಕಟ್ಟೆಯಲ್ಲಿರುವ ಎಡಿ 8232 ಬೋರ್ಡುಗಳು ಸಾಮಾನ್ಯವಾಗಿ ಈ ವ್ಯಾಪ್ತಿಯವು. ಇದರಿಂದ ತೆರೆಯ ಮೇಲೆ ಮೂಡುವ ಗೆರೆ ಸ್ಥಿರವಾಗಿಯೂ ನಯವಾಗಿಯೂ ಕಾಣುತ್ತದೆ. ರೋಗಿ ಅಲುಗಾಡಿದರೂ ಗೆರೆ ಅಷ್ಟಾಗಿ ತೂಗಾಡುವುದಿಲ್ಲ. ಆದರೆ ವೈದ್ಯರು ರೋಗನಿರ್ಣಯಕ್ಕೆ ಬಳಸುವ ಇಸಿಜಿಗೆ ಅಂತರರಾಷ್ಟ್ರೀಯ ಹೃದ್ರೋಗ ಸಂಘಟನೆಗಳು ಶಿಫಾರಸು ಮಾಡಿರುವ ವ್ಯಾಪ್ತಿ 0.05 ಹರ್ಟ್ಸ್‌ನಿಂದ 150 ಹರ್ಟ್ಸ್. ಮಕ್ಕಳ ವಿಷಯದಲ್ಲಿ ಮೇಲಿನ ಮಿತಿ 250 ಹರ್ಟ್ಸ್.

ಈ ವ್ಯತ್ಯಾಸ ಕೇವಲ ಅಂಕಿಗಳದ್ದಲ್ಲ. ಹೃದಯಾಘಾತದ ಸಂಶಯವಿದ್ದಾಗ ವೈದ್ಯರು ಮೊದಲು ನೋಡುವುದು ಎಸ್‌ಟಿ ಎಂದು ಕರೆಯುವ ಭಾಗವನ್ನು. ಬಡಿತದ ಚೂಪಾದ ಶಿಖರದ ನಂತರ ಬರುವ ಆ ಸಮತಲ ಭಾಗ ಮೇಲೇರಿದೆಯೋ ಕೆಳಗಿಳಿದಿದೆಯೋ ಎಂಬುದನ್ನು. ಅದು ನಿಧಾನವಾದ ಏರಿಳಿತ. 0.5 ಹರ್ಟ್ಸ್‌ನಲ್ಲಿ ಕತ್ತರಿಸುವ ಸಾಧಾರಣ ಫಿಲ್ಟರು ಆ ಭಾಗವನ್ನು ವಕ್ರಗೊಳಿಸಬಲ್ಲದು. ಇಲ್ಲದ ಇಳಿತವನ್ನು ತೋರಿಸಬಹುದು, ಇರುವ ಏರಿಕೆಯನ್ನು ಮರೆಸಬಹುದು. ಗೆರೆ ನಯವಾಗಿ ಕಂಡಷ್ಟೂ ಅದರ ಮೇಲೆ ನಂಬಿಕೆ ಹೆಚ್ಚುವುದು ಮನುಷ್ಯ ಸ್ವಭಾವವಾದ್ದರಿಂದ ಅಪಾಯವೂ ಹೆಚ್ಚು.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಈಗ ವಿಶೇಷ ಮಹತ್ವವಿದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹಠಾತ್ತಾಗಿ ನಿಧನರಾದ ಬಳಿಕ ಹೃದಯ ತಪಾಸಣೆಯ ಬಗ್ಗೆ ಜನರಲ್ಲಿ ಕಾಳಜಿ ಹೆಚ್ಚಿತು. 2023ರಲ್ಲಿ ಅವರ ಹೆಸರಿನಲ್ಲಿಯೇ ಆರಂಭಗೊಂಡ ಹೃದಯ ಜ್ಯೋತಿ ಯೋಜನೆಯ ತಿರುಳು, ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಹೃದ್ರೋಗ ಕೇಂದ್ರಗಳ ತಜ್ಞತೆಯೊಡನೆ ಬೆಸೆದು ಚಿಕಿತ್ಸೆಯನ್ನು ಶೀಘ್ರವಾಗಿ ಆರಂಭಿಸುವುದು. ಇಂಥ ವಾತಾವರಣದಲ್ಲಿ ಹೃದಯ ಸಂಕೇತವನ್ನು ತೋರಿಸುವ ಯಾವುದೇ ಸಾಧನಕ್ಕೆ ಬೇಡಿಕೆ ಬರುವುದು ಸಹಜ. ಬಡಿತ ಎಣಿಸಲೆಂದು ರೂಪಿಸಿದ ಬೋರ್ಡನ್ನು ಪೆಟ್ಟಿಗೆಯಲ್ಲಿಟ್ಟು ಇಸಿಜಿ ಯಂತ್ರವೆಂದು ಯಾರಾದರೂ ಬಳಸತೊಡಗಿದರೆ, ತಪ್ಪು ಬಳಸಿದವನದು ಎಂದು ಹೇಳಿ ತಯಾರಕ ಪಾರಾಗುವಂತಿಲ್ಲ. ಬೋರ್ಡಿನ ಮೇಲೆಯೇ ಅದರ ವ್ಯಾಪ್ತಿಯನ್ನು ಮುದ್ರಿಸುವುದಕ್ಕೆ ಪ್ರತ್ಯೇಕ ಖರ್ಚೇನೂ ತಗಲುವುದಿಲ್ಲ. ಆದರೂ ಬಹಳಷ್ಟು ಬೋರ್ಡುಗಳ ಮೇಲೆ ಚಿಪ್‌ನ ಹೆಸರು ಇರುತ್ತದೆ, ವ್ಯಾಪ್ತಿ ಇರುವುದಿಲ್ಲ.

ಎರಡನೆಯ ಆಯ್ಕೆ: ಯಾವ ಚಿಪ್?

ಚಿಪ್‌ನ ಆಯ್ಕೆ ಬೆಲೆಯ ಪ್ರಶ್ನೆಯೆಂದು ತೋರಿದರೂ, ನಿಜವಾಗಿ ಅದು ಯಾವ ನಿರ್ಧಾರವನ್ನು ಯಾರ ಕೈಗೆ ಒಪ್ಪಿಸಬೇಕೆಂಬ ಪ್ರಶ್ನೆ. ಎಡಿ 8232 ಸಂಕೇತವನ್ನು ಅಂಕಿಗಳಾಗಿ ಪರಿವರ್ತಿಸುವುದಿಲ್ಲ. ಹಿಗ್ಗಿಸಿ, ಸೋಸಿ ಹೊರಗೆ ಕೊಡುತ್ತದೆ. ಸರಳ, ಅಗ್ಗ, ಕಲಿಯುವವನಿಗೆ ಅನುಕೂಲ. ಆದರೆ ಬೋರ್ಡ್ ತಯಾರಾದ ಮೇಲೆ ಅದರ ವ್ಯಾಪ್ತಿ ಬದಲಾಗದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಎಡಿಎಸ್ 1292ಆರ್ ಇದಕ್ಕೆ ವಿರುದ್ಧವಾದ ಹಾದಿಯನ್ನು ಹಿಡಿದಿದೆ. 24 ಬಿಟ್‌ಗಳ ಪರಿವರ್ತಕವಿರುವುದರಿಂದ ಸಂಕೇತವನ್ನು ಕಡಿಮೆ ಹಿಗ್ಗಿಸಿ, ಸ್ಥಿರ ವೋಲ್ಟೇಜನ್ನೂ ಸೇರಿಸಿಯೇ ಅಳೆಯುತ್ತದೆ. ಸೋಸುವ ಕೆಲಸವನ್ನು ನಂತರ ತಂತ್ರಾಂಶ ಮಾಡುತ್ತದೆ. ಎರಡು ವಾಹಿನಿಗಳಿದ್ದು, ಉಸಿರಾಟವನ್ನೂ ಅಳೆಯಬಲ್ಲದು. ಆದರೆ ತಂತ್ರಾಂಶ ಬರೆಯದವನಿಗೆ ಅದು ಬರಿಯ ಹಲಗೆ.

ಮ್ಯಾಕ್ಸಿಂ ಸಂಸ್ಥೆಯ ಮ್ಯಾಕ್ಸ್ 30003 ಮೂರನೆಯ ಬಗೆಯದು. ಮೈಮೇಲೆ ಧರಿಸುವ ಪುಟ್ಟ ಸಾಧನಗಳನ್ನು ಗಮನದಲ್ಲಿಟ್ಟು ಮಾಡಿದ ಈ ಚಿಪ್ ಅತ್ಯಲ್ಪ ವಿದ್ಯುತ್ತಿನಲ್ಲಿ ನಡೆಯುತ್ತದೆ. ಎರಡು ಬಡಿತಗಳ ನಡುವಣ ಅಂತರವನ್ನು ತಾನೇ ಕಂಡುಹಿಡಿಯುತ್ತದೆ. ಆದರೆ ಅದರ ಒಳಭಾಗಕ್ಕೆ ಬೇಕಾದ ವೋಲ್ಟೇಜು 2 ವೋಲ್ಟನ್ನು ಮೀರುವಂತಿಲ್ಲ, ಜೊತೆಗೆ 32.768 ಕಿಲೋಹರ್ಟ್ಸ್‌ನ ಗಡಿಯಾರ ಸಂಕೇತವನ್ನೂ ಒದಗಿಸಬೇಕು. ವಿದ್ಯಾರ್ಥಿಗಳ ಕೈಯಲ್ಲಿರುವ ಆರ್ಡುಯಿನೊ ಬೋರ್ಡುಗಳಲ್ಲಿ ಅನೇಕವು 5 ವೋಲ್ಟಿನವು. ಆದ್ದರಿಂದ ವೋಲ್ಟೇಜನ್ನು ಇಳಿಸುವ ರೆಗ್ಯುಲೇಟರನ್ನೂ ಸಂಕೇತಗಳ ಮಟ್ಟವನ್ನು ಹೊಂದಿಸುವ ಇನ್ನೊಂದು ಚಿಪ್ಪನ್ನೂ ಬೋರ್ಡಿನ ಮೇಲೆಯೇ ಇಡುವುದು ಒಂದು ಆಯ್ಕೆ. ಅವನ್ನು ಬಿಟ್ಟು ಬೆಲೆಯನ್ನು ಇಳಿಸಿ, ಸುಟ್ಟುಹೋದ ಚಿಪ್‌ಗಳ ದೂರನ್ನು ನಂತರ ಎದುರಿಸುವುದು ಇನ್ನೊಂದು ಆಯ್ಕೆ.

ಪೂರೈಕೆಯ ದೃಷ್ಟಿಯನ್ನೂ ಇಲ್ಲಿ ಮರೆಯಲಾಗದು. ಈ ಮೂರೂ ಚಿಪ್‌ಗಳ ಪಿನ್ನುಗಳ ಜೋಡಣೆ ಬೇರೆಬೇರೆಯಾದ್ದರಿಂದ ಒಂದು ಸಿಗದಾಗ ಅದೇ ಹಲಗೆಯ ಮೇಲೆ ಇನ್ನೊಂದನ್ನು ಕೂರಿಸಲಾಗದು. 2020ರಿಂದ 2022ರವರೆಗೆ ಜಗತ್ತಿನಾದ್ಯಂತ ತಲೆದೋರಿದ ಚಿಪ್ ಅಭಾವ ಈ ಪಾಠವನ್ನು ಎಲ್ಲರಿಗೂ ಕಲಿಸಿತು. 2021ರ ಆಗಸ್ಟ್‌ನಲ್ಲಿ ಮ್ಯಾಕ್ಸಿಂ ಸಂಸ್ಥೆ ಅನಲಾಗ್ ಡಿವೈಸಸ್‌ನಲ್ಲಿ ವಿಲೀನಗೊಂಡುದರಿಂದ, ಮೇಲೆ ಹೇಳಿದ ಮೂರರಲ್ಲಿ ಎರಡು ಚಿಪ್‌ಗಳು ಈಗ ಒಂದೇ ಮಾಲೀಕತ್ವದಲ್ಲಿವೆ. ಒಂದೇ ಮಾದರಿಯನ್ನು ನೆಚ್ಚಿಕೊಂಡ ಸಣ್ಣ ತಯಾರಕನು ಎರಡನೆಯ ವಿನ್ಯಾಸವೊಂದನ್ನು ಸಿದ್ಧವಾಗಿಟ್ಟುಕೊಳ್ಳುವುದು ವಿವೇಕ.

ಮೂರನೆಯ ಆಯ್ಕೆ: ದೇಹಕ್ಕೆ ತಗಲುವ ತಂತಿ

ಉಳಿದ ಎಲೆಕ್ಟ್ರಾನಿಕ್ ಬೋರ್ಡುಗಳಿಗೂ ಇದಕ್ಕೂ ಇರುವ ಮೂಲಭೂತ ವ್ಯತ್ಯಾಸವೆಂದರೆ, ಇದರ ತಂತಿಯ ತುದಿ ಜೀವಂತ ಮನುಷ್ಯನ ಎದೆಗೆ ಅಂಟಿರುತ್ತದೆ. ವೈದ್ಯಕೀಯ ಉಪಕರಣಗಳ ಸುರಕ್ಷತೆಗೆ ಸಂಬಂಧಿಸಿದ ಐಇಸಿ 60601 ಮಾನಕದ ಪ್ರಕಾರ ಸಾಧಾರಣ ಸ್ಥಿತಿಯಲ್ಲಿ ರೋಗಿಯ ದೇಹದ ಮೂಲಕ ಹರಿಯಬಹುದಾದ ನೇರ ವಿದ್ಯುತ್ತಿನ ಮಿತಿ 10 ಮೈಕ್ರೊಆಂಪಿಯರ್. ಶಾಲೆಯಲ್ಲಿ ಕಲಿತ ಓಮ್ ನಿಯಮವೇ ಇಲ್ಲಿ ಸಾಕು. 3.3 ವೋಲ್ಟಿನ ಬೋರ್ಡಿನಲ್ಲಿ ಏನೇ ಕೆಟ್ಟರೂ ವಿದ್ಯುತ್ತು 10 ಮೈಕ್ರೊಆಂಪಿಯರನ್ನು ಮೀರಬಾರದಾದರೆ ಪ್ರತಿ ತಂತಿಯಲ್ಲಿಯೂ ಕನಿಷ್ಠ 330 ಕಿಲೋಓಮ್‌ನ ರೆಸಿಸ್ಟರ್ ಇರಬೇಕು. ಅದರ ಸ್ಥಾನದಲ್ಲಿ 10 ಕಿಲೋಓಮ್ ಇಟ್ಟರೆ 330 ಮೈಕ್ರೊಆಂಪಿಯರ್ ಹರಿಯಬಲ್ಲದು. ಎರಡು ರೆಸಿಸ್ಟರುಗಳ ಬೆಲೆಯಲ್ಲಿ ವ್ಯತ್ಯಾಸವೇ ಇಲ್ಲ. ದೊಡ್ಡ ರೆಸಿಸ್ಟರಿನಿಂದ ಗದ್ದಲ ತುಸು ಹೆಚ್ಚುತ್ತದೆ, ಅಷ್ಟೆ. ತೆರೆಯ ಮೇಲಿನ ಗೆರೆ ಅಂದವಾಗಿರಲೆಂದು ಇದನ್ನು ಚಿಕ್ಕದು ಮಾಡುವ ತಯಾರಕನು ಗಿರಾಕಿಯ ಅರಿವಿಗೆ ಬಾರದ ಜಾಗದಲ್ಲಿ ಅವನ ಸುರಕ್ಷತೆಯನ್ನು ಕಡಿತಗೊಳಿಸಿದಂತಾಯಿತು.

ಅಷ್ಟಾದರೂ ರೆಸಿಸ್ಟರ್ ಒಂದೇ ಪೂರ್ಣ ರಕ್ಷಣೆಯಲ್ಲ. ಬೋರ್ಡನ್ನು ಲ್ಯಾಪ್‌ಟಾಪಿಗೆ, ಲ್ಯಾಪ್‌ಟಾಪನ್ನು ಕಳಪೆ ಚಾರ್ಜರಿಗೆ ಜೋಡಿಸಿರುವಾಗ ಚಾರ್ಜರಿನ ನಿರೋಧಕ ಪದರ ಹಾಳಾದರೆ 230 ವೋಲ್ಟ್ ಬೋರ್ಡಿನವರೆಗೂ ಬರಬಹುದು. ಆಗ 330 ಕಿಲೋಓಮ್‌ನ ಮೂಲಕವೂ ಸುಮಾರು 700 ಮೈಕ್ರೊಆಂಪಿಯರ್ ಹರಿಯುತ್ತದೆ. ಮೇಲೆ ಹೇಳಿದ ಅಂಕಿಯ ಎಪ್ಪತ್ತು ಪಟ್ಟು. ಆದ್ದರಿಂದ ದೇಹಕ್ಕೆ ಜೋಡಿಸಿದ ಬೋರ್ಡ್ ಬ್ಯಾಟರಿಯಿಂದ ನಡೆಯಬೇಕು ಮತ್ತು ಅಳತೆಗಳನ್ನು ನಿಸ್ತಂತುವಾಗಿ ಕಳುಹಿಸಬೇಕು. ಇಲ್ಲವೇ ವಿದ್ಯುತ್ ಸಂಪರ್ಕವನ್ನು ಬೇರ್ಪಡಿಸುವ ಐಸೊಲೇಟರ್ ಚಿಪ್ ನಡುವೆ ಇರಬೇಕು. ಐಸೊಲೇಟರಿನಿಂದ ಬೋರ್ಡಿನ ಬೆಲೆ ಗಣನೀಯವಾಗಿ ಏರುವುದು ನಿಜ. ಎಲ್ಲ ಬೋರ್ಡುಗಳಿಗೂ ಅದನ್ನು ಹಾಕಬೇಕೆಂಬ ಒತ್ತಾಯವಿಲ್ಲ; ಆದರೆ ಹಾಕದಿದ್ದಲ್ಲಿ, ಬ್ಯಾಟರಿಯಿಂದ ಮಾತ್ರ ಬಳಸತಕ್ಕದ್ದು ಎಂಬ ಎಚ್ಚರಿಕೆ ಬೋರ್ಡಿನ ಮೇಲೆಯೇ ಇರಬೇಕು, ಎಸೆದುಬಿಡುವ ಚೀಟಿಯಲ್ಲಲ್ಲ.

ತಂತಿಯ ಬಣ್ಣವೂ ಒಂದು ಆಯ್ಕೆಯೇ. ಐಇಸಿ ಪದ್ಧತಿಯಲ್ಲಿ ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಅಮೆರಿಕದ ಪದ್ಧತಿಯಲ್ಲಿ ಬಲಗೈಗೆ ಬಿಳಿ, ಎಡಗೈಗೆ ಕಪ್ಪು, ಎಡಗಾಲಿಗೆ ಕೆಂಪು, ಬಲಗಾಲಿಗೆ ಹಸಿರು. ಅಂದರೆ ಕೆಂಪು, ಹಸಿರು, ಕಪ್ಪು ಮೂರೂ ಎರಡು ಪದ್ಧತಿಗಳಲ್ಲಿ ಬೇರೆಬೇರೆ ಅಂಗಗಳನ್ನು ಸೂಚಿಸುತ್ತವೆ. ಒಂದು ಕಡೆಯಿಂದ ಬೋರ್ಡ್, ಇನ್ನೊಂದು ಕಡೆಯಿಂದ ತಂತಿ ತರಿಸಿ ಒಟ್ಟಿಗೆ ಮಾರುವ ವರ್ತಕರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಬಣ್ಣ ಅದಲುಬದಲಾದರೆ ಗೆರೆ ತಲೆಕೆಳಗಾಗಿ ಮೂಡುತ್ತದೆ ಅಥವಾ ಗದ್ದಲದಲ್ಲಿ ಮುಳುಗುತ್ತದೆ. ಗಿರಾಕಿ ಬೋರ್ಡ್ ಕೆಟ್ಟಿದೆಯೆಂದು ಹಿಂದಿರುಗಿಸುತ್ತಾನೆ. ಬೋರ್ಡಿನ ಮೇಲೆ ಬಣ್ಣದ ಬದಲಿಗೆ ಅಂಗದ ಹೆಸರನ್ನೇ ಮುದ್ರಿಸುವುದು ಇದಕ್ಕೆ ಸರಳ ಪರಿಹಾರ.

ನಾಲ್ಕನೆಯ ಆಯ್ಕೆ: ಜೋಡಣೆಯ ಶಿಸ್ತು

ವಿನ್ಯಾಸ ಎಷ್ಟೇ ಚೆನ್ನಾಗಿದ್ದರೂ ಜೋಡಣೆಯಲ್ಲಿ ಶಿಸ್ತಿಲ್ಲದಿದ್ದರೆ ವ್ಯರ್ಥ. ಈ ಬೋರ್ಡುಗಳಲ್ಲಿ 10 ಮೆಗಾಓಮ್‌ನಷ್ಟು ದೊಡ್ಡ ರೆಸಿಸ್ಟರುಗಳು ಸಾಮಾನ್ಯ. ಬೆಸುಗೆಯ ನಂತರ ಉಳಿಯುವ ಫ್ಲಕ್ಸಿನ ಅಂಟು ಮಳೆಗಾಲದ ತೇವವನ್ನು ಹೀರಿ, ಆ ರೆಸಿಸ್ಟರಿಗೆ ಸಮಾನಾಂತರವಾಗಿ 100 ಮೆಗಾಓಮ್‌ನ ಕಳ್ಳದಾರಿಯೊಂದನ್ನು ತೆರೆದರೆ ಅದರ ಪರಿಣಾಮಕಾರಿ ಬೆಲೆ ಸುಮಾರು ಶೇ. 9ರಷ್ಟು ಕುಸಿಯುತ್ತದೆ. ಎಲ್‌ಇಡಿ ದೀಪದ ಬೋರ್ಡಿನಲ್ಲಿ ಇದು ಯಾರ ಗಮನಕ್ಕೂ ಬಾರದ ಸಂಗತಿ. ಹೃದಯ ಸಂಕೇತದ ಬೋರ್ಡಿನಲ್ಲಿ, ಬೇಸಿಗೆಯಲ್ಲಿ ಪರೀಕ್ಷೆ ತೇರ್ಗಡೆಯಾದ ಮಾಲು ಜುಲೈನಲ್ಲಿ ಹಿಂದಿರುಗಿ ಬರುವುದಕ್ಕೆ ಕಾರಣ. ಬೆಸುಗೆಯ ನಂತರ ಹಲಗೆಯನ್ನು ತೊಳೆದು ಒಣಗಿಸುವ ಒಂದು ಹೆಚ್ಚುವರಿ ಹಂತ ಇದನ್ನು ತಡೆಯುತ್ತದೆ.

ಕೆಪಾಸಿಟರುಗಳ ವಿಷಯವೂ ಹಾಗೆಯೇ. ಅಗ್ಗದ ಸೆರಾಮಿಕ್ ಕೆಪಾಸಿಟರುಗಳು ವೋಲ್ಟೇಜಿನೊಡನೆ ತಮ್ಮ ಬೆಲೆಯನ್ನು ಬದಲಿಸುತ್ತವೆ, ಮೇಜನ್ನು ಕುಟ್ಟಿದರೆ ತಾವೇ ಒಂದು ಸಣ್ಣ ವೋಲ್ಟೇಜನ್ನು ಹುಟ್ಟಿಸುತ್ತವೆ. ಸಂಕೇತವೇ 1 ಮಿಲಿವೋಲ್ಟ್ ಇರುವಲ್ಲಿ ಅದು ಇಲ್ಲದ ಬಡಿತವೊಂದನ್ನು ತೋರಿಸಲು ಸಾಕು. ಸಂಕೇತದ ಹಾದಿಯಲ್ಲಿರುವ ಕೆಲವೇ ಕೆಪಾಸಿಟರುಗಳಿಗೆ ಉತ್ತಮ ಬಗೆಯದನ್ನು ಆರಿಸಿ, ಉಳಿದ ಕಡೆ ಸಾಧಾರಣವಾದುದನ್ನು ಬಳಸುವುದು ಖರ್ಚು ಮತ್ತು ಗುಣ ಎರಡನ್ನೂ ಸರಿದೂಗಿಸುವ ಮಾರ್ಗ.

ಬೆಂಗಳೂರಿನಲ್ಲೇ ಇರುವ ನಿದರ್ಶನಗಳು

ಆಯ್ಕೆಗಳಿಂದಲೇ ಮಾರುಕಟ್ಟೆಯನ್ನು ಗೆಲ್ಲಬಹುದೆಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲ. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಬೆಂಗಳೂರು ಸಂಶೋಧನಾ ಕೇಂದ್ರದಲ್ಲಿ 2000ದ ದಶಕದ ಕೊನೆಯ ವರ್ಷಗಳಲ್ಲಿ ರೂಪುಗೊಂಡ ಮ್ಯಾಕ್ 400 ಎಂಬ ಇಸಿಜಿ ಯಂತ್ರ ಸುಮಾರು 800 ಡಾಲರಿಗೆ ದೊರೆಯುವಂತಾಯಿತು. ಅಲ್ಲಿಯವರೆಗೆ ಅಂಥ ಯಂತ್ರಗಳ ಬೆಲೆ 2000 ಡಾಲರಿನಷ್ಟಿತ್ತು. ದೊಡ್ಡ ಮುದ್ರಣ ಯಂತ್ರದ ಬದಲಿಗೆ ಟಿಕೆಟ್ ಮುದ್ರಿಸುವ ಚಿಕ್ಕ ಯಂತ್ರವನ್ನು ಮಾರ್ಪಡಿಸಿ ಅಳವಡಿಸಿದ್ದು, ಬ್ಯಾಟರಿಯಿಂದ ನಡೆಯುವಂತೆ ಮಾಡಿದ್ದು, ಕೈಯಲ್ಲಿ ಹೊತ್ತೊಯ್ಯುವಷ್ಟು ಹಗುರಗೊಳಿಸಿದ್ದು ಆ ಇಳಿಕೆಯ ಹಿಂದಿನ ನಿರ್ಧಾರಗಳು. ಬೆಲೆ ಇಳಿದದ್ದು ಹೃದಯ ಸಂಕೇತವನ್ನು ಅಳೆಯುವ ಭಾಗವನ್ನು ಕಳಪೆ ಮಾಡುವುದರಿಂದಲ್ಲ, ಹಳ್ಳಿಯ ವೈದ್ಯರಿಗೆ ಬೇಡವಾದುದನ್ನು ಗುರುತಿಸಿ ತೆಗೆದುಹಾಕುವುದರಿಂದ. ಎಲ್ಲಿ ಕಡಿತ ಮಾಡಬಹುದು, ಎಲ್ಲಿ ಮಾಡಬಾರದು ಎಂಬ ವಿವೇಚನೆಯೇ ಅಲ್ಲಿನ ಪಾಠ.

ಅದು ದೈತ್ಯ ಸಂಸ್ಥೆಯ ಮಾತಾಯಿತು ಎನ್ನುವವರಿಗೆ ಬೆಂಗಳೂರಿನದೇ ಆದ ಪ್ರೊಟೊಸೆಂಟ್ರಲ್ ಸಂಸ್ಥೆಯ ಉದಾಹರಣೆಯಿದೆ. ಎಡಿಎಸ್ 1292ಆರ್ ಮತ್ತು ಮ್ಯಾಕ್ಸ್ 30003 ಚಿಪ್‌ಗಳ ಬ್ರೇಕ್‌ಔಟ್ ಬೋರ್ಡುಗಳನ್ನು ತಯಾರಿಸುವ ಈ ಸಂಸ್ಥೆ ಅವುಗಳ ನಕ್ಷೆಗಳನ್ನೂ ತಂತ್ರಾಂಶವನ್ನೂ ಯಾರು ಬೇಕಾದರೂ ನೋಡುವಂತೆ ಪ್ರಕಟಿಸಿದೆ. ಅದರ ಹೆಲ್ತಿಪೈ ಎಂಬ ಬೋರ್ಡ್ 2017ರಲ್ಲಿ ಅಮೆರಿಕದ ಕ್ರೌಡ್ ಸಪ್ಲೈ ವೇದಿಕೆಯ ಮೂಲಕ ಗಿರಾಕಿಗಳ ಮುಂಗಡ ಹಣದಿಂದಲೇ ತಯಾರಿಕೆಗೆ ಇಳಿಯಿತು. ನಕ್ಷೆಯನ್ನು ಬಹಿರಂಗಗೊಳಿಸಿದರೆ ವ್ಯಾಪಾರ ಕೆಡುವುದೆಂಬ ಭಯ ಸಣ್ಣ ಉದ್ದಿಮೆಗಳಲ್ಲಿ ಸಾಮಾನ್ಯ. ಆದರೆ ಈ ಬಗೆಯ ಸರಕಿನಲ್ಲಿ ಗಿರಾಕಿಗೆ ಬೇಕಾದುದು ನಂಬಿಕೆ. ಯಾವ ರೆಸಿಸ್ಟರ್ ಎಲ್ಲಿದೆ, ಫಿಲ್ಟರಿನ ವ್ಯಾಪ್ತಿ ಎಷ್ಟು ಎಂಬುದನ್ನು ಅವನು ತಾನೇ ಪರಿಶೀಲಿಸಬಹುದಾದರೆ ಆ ನಂಬಿಕೆ ದೊರೆಯುತ್ತದೆ. ಬೋರ್ಡನ್ನು ನೋಡಿ ಅದರ ಗೆರೆಗಳನ್ನು ನಕಲು ಮಾಡುವವನಿಗೆ ಹೇಗೂ ನಕ್ಷೆಯ ಅಗತ್ಯವಿಲ್ಲ.

ಆಕ್ಷೇಪಣೆಗಳು ಮತ್ತು ಕಾನೂನು

ಇದೆಲ್ಲ ದುಬಾರಿಯ ಮಾತು, ವಿದ್ಯಾರ್ಥಿಗೆ ತೆರೆಯ ಮೇಲೊಂದು ಗೆರೆ ಕಂಡರೆ ಸಾಕು ಎಂಬ ಆಕ್ಷೇಪಣೆ ನಿರಾಧಾರವಾದುದಲ್ಲ. ಕಲಿಕೆಗೆ ಸರಳವಾದ, ಅಗ್ಗದ ಬೋರ್ಡ್ ಬೇಕು, 0.5ರಿಂದ 40 ಹರ್ಟ್ಸ್ ವ್ಯಾಪ್ತಿ ಅದಕ್ಕೆ ಯೋಗ್ಯವೇ. ಆದರೆ ಮೇಲೆ ಹೇಳಿದ ಅಂಶಗಳಲ್ಲಿ ಐಸೊಲೇಟರನ್ನು ಬಿಟ್ಟರೆ ಉಳಿದವುಗಳಿಗೆ ತಗಲುವ ಹೆಚ್ಚುವರಿ ಖರ್ಚು ಅಲ್ಪ. ಸರಿಯಾದ ರೆಸಿಸ್ಟರ್, ಹಲಗೆಯನ್ನು ತೊಳೆಯುವುದು, ಅಂಗದ ಹೆಸರನ್ನೂ ವ್ಯಾಪ್ತಿಯನ್ನೂ ಮುದ್ರಿಸುವುದು ಇವಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಗಮನ.

ಕಾನೂನಿನ ದೃಷ್ಟಿಯಿಂದಲೂ ಸ್ಪಷ್ಟತೆ ಅನಿವಾರ್ಯವಾಗಿದೆ. ವೈದ್ಯಕೀಯ ಸಾಧನಗಳ ನಿಯಮಾವಳಿ, 2017ರ ವ್ಯಾಪ್ತಿಯನ್ನು 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳಿಗೂ ವಿಸ್ತರಿಸಲಾಯಿತು. ಕಡಿಮೆ ಅಪಾಯದ ಎ ಮತ್ತು ಬಿ ವರ್ಗಗಳಿಗೆ 2022ರ ಅಕ್ಟೋಬರ್ 1ರಿಂದ, ಹೆಚ್ಚು ಅಪಾಯದ ಸಿ ಮತ್ತು ಡಿ ವರ್ಗಗಳಿಗೆ 2023ರ ಅಕ್ಟೋಬರ್ 1ರಿಂದ ಪರವಾನಗಿ ವ್ಯವಸ್ಥೆ ಜಾರಿಗೆ ಬಂದಿದೆ. ಈ ವ್ಯವಸ್ಥೆಯಲ್ಲಿ ನಿರ್ಣಾಯಕವಾದುದು ತಯಾರಕನು ತನ್ನ ಸರಕನ್ನು ಯಾವ ಉದ್ದೇಶಕ್ಕೆಂದು ಘೋಷಿಸುತ್ತಾನೆ ಎಂಬುದು. ಕಲಿಕೆ ಮತ್ತು ಪ್ರಯೋಗಕ್ಕೆಂದು ಮಾರುವ ಬೋರ್ಡಿನ ಜಾಹೀರಾತಿನಲ್ಲಿ ಹೃದ್ರೋಗ ಪತ್ತೆ ಎಂಬ ಎರಡು ಪದ ಸೇರಿಸಿದರೆ ಮಾರಾಟ ಹೆಚ್ಚಬಹುದು. ಜೊತೆಯಲ್ಲಿಯೇ ಆ ಸರಕು ಪರವಾನಗಿಯ ವ್ಯಾಪ್ತಿಯೊಳಕ್ಕೆ ಕಾಲಿಡುತ್ತದೆ. ತಯಾರಕನಷ್ಟೇ ಅಲ್ಲ, ಆ ಜಾಹೀರಾತನ್ನು ಅಂಗಡಿಯಲ್ಲಿ ತೂಗುಹಾಕಿದ ವರ್ತಕನೂ ಉತ್ತರಿಸಬೇಕಾಗುತ್ತದೆ.

ಮಾಡಬೇಕಾದುದೇನು?

ಈ ಹಿನ್ನೆಲೆಯಲ್ಲಿ ಕೆಲವು ಕ್ರಮಗಳನ್ನು ವಾಣಿಜ್ಯೋದ್ಯಮ ಸಂಸ್ಥೆಗಳು ಮುಂದೆ ನಿಂತು ಕೈಗೊಳ್ಳುವುದು ಯುಕ್ತ. ಮೊದಲನೆಯದಾಗಿ, ಇಂಥ ಪ್ರತಿ ಬೋರ್ಡಿನೊಡನೆ ಒಂದೇ ಪುಟದ ಘೋಷಣಾಪತ್ರವನ್ನು ನೀಡುವ ಪದ್ಧತಿ ರೂಢಿಗೆ ಬರಬೇಕು. ಸಂಕೇತದ ವ್ಯಾಪ್ತಿ, ದೇಹಕ್ಕೆ ಹೋಗುವ ತಂತಿಯಲ್ಲಿನ ರೆಸಿಸ್ಟರಿನ ಬೆಲೆ, ಐಸೊಲೇಟರ್ ಇದೆಯೋ ಇಲ್ಲವೋ, ತಂತಿಗಳ ಬಣ್ಣದ ಪದ್ಧತಿ, ಯಾವ ಉಪಯೋಗಕ್ಕೆ ಯೋಗ್ಯ ಮತ್ತು ಯಾವುದಕ್ಕೆ ಅಲ್ಲ ಎಂಬ ಐದು ಸಾಲುಗಳು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಅದರಲ್ಲಿರಲಿ. ಸರ್ಕಾರದ ಆದೇಶಕ್ಕಾಗಿ ಕಾಯದೆ ಉದ್ದಿಮೆಗಳು ತಾವಾಗಿಯೇ ಆರಂಭಿಸಬಹುದಾದ ಕೆಲಸವಿದು.

ಎರಡನೆಯದಾಗಿ, ಪರೀಕ್ಷಾ ಸೌಲಭ್ಯ ಹಂಚಿಕೆಯಾಗಬೇಕು. ಪೀಣ್ಯದಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಮತ್ತು ಅಭಿವೃದ್ಧಿ ಕೇಂದ್ರವಿದೆ. ಪೂರ್ಣ ಪ್ರಮಾಣದ ಪರೀಕ್ಷೆಗೆ ಅಂಥ ಪ್ರಯೋಗಾಲಯವೇ ಬೇಕು. ಆದರೆ ಪ್ರತಿ ತಂಡದ ಮಾಲನ್ನು ಅಲ್ಲಿಗೆ ಕೊಂಡೊಯ್ಯುವುದು ಹತ್ತು ಜನರ ಕಾರ್ಯಾಗಾರಕ್ಕೆ ಆಗದ ಮಾತು. ಕೃತಕ ಹೃದಯ ಸಂಕೇತವನ್ನು ಹುಟ್ಟಿಸುವ ಸಿಮ್ಯುಲೇಟರ್ ಮತ್ತು ಸೋರಿಕೆ ವಿದ್ಯುತ್ತಿನ ಮಾಪಕ, ಇವೆರಡನ್ನು ಯಲಹಂಕ–ದೊಡ್ಡಬಳ್ಳಾಪುರ ಪಟ್ಟಿಯಲ್ಲಿ ಯಾವುದಾದರೊಂದು ತಾಂತ್ರಿಕ ವಿದ್ಯಾಲಯದ ಸಹಯೋಗದಲ್ಲಿ ಇಟ್ಟು, ಸದಸ್ಯರಿಗೆ ಗಂಟೆಯ ಲೆಕ್ಕದಲ್ಲಿ ಒದಗಿಸಿದರೆ ತಯಾರಕನಿಗೆ ಅನುಕೂಲ, ವಿದ್ಯಾರ್ಥಿಗಳಿಗೆ ಅನುಭವ.

ಮೂರನೆಯದಾಗಿ, ಕೊಳ್ಳುವವರು ಕೇಳುವ ಪ್ರಶ್ನೆ ಬದಲಾಗಬೇಕು. ವಿದ್ಯಾಸಂಸ್ಥೆಗಳ ಟೆಂಡರುಗಳಲ್ಲಿ ಚಿಪ್‌ನ ಹೆಸರು ಮತ್ತು ಕನಿಷ್ಠ ಬೆಲೆ ಮಾತ್ರ ಇರುವವರೆಗೆ ಅಗ್ಗದ ನಕಲೇ ಗೆಲ್ಲುತ್ತದೆ. ಅದರ ಜೊತೆಗೆ ಮೇಲಿನ ಐದು ಸಾಲುಗಳನ್ನು ಸೇರಿಸಿದರೆ, ಉತ್ತರ ಹೇಳಬಲ್ಲ ತಯಾರಕನಿಗೆ ಬಾಗಿಲು ತೆರೆಯುತ್ತದೆ. ಎಸ್.ಪಿ. ರಸ್ತೆಯ ಸಗಟು ವರ್ತಕರೂ ಸರಕು ತರಿಸುವಾಗ ಇದೇ ಪ್ರಶ್ನೆಗಳನ್ನು ಮುಂದಿಟ್ಟರೆ, ಹಿಂದಿರುಗಿ ಬರುವ ಮಾಲಿನ ತಾಪತ್ರಯ ಅವರಿಗೂ ಕಡಿಮೆಯಾಗುವುದು.

ಚಿಪ್ಪನ್ನು ತಯಾರಿಸುವ ಕಾರ್ಖಾನೆಗೆ ಸಾವಿರಾರು ಕೋಟಿ ರೂಪಾಯಿಗಳ ಬಂಡವಾಳ ಬೇಕು. ಅದು ರಾಜಾನುಕುಂಟೆಯ ಸಣ್ಣ ಉದ್ದಿಮೆಗೆ ಎಟುಕುವ ಮಾತಲ್ಲ. ಚಿಪ್‌ನ ಸುತ್ತ ಇಡಬೇಕಾದ ಇಪ್ಪತ್ತು ಮೂವತ್ತು ಬಿಡಿಭಾಗಗಳನ್ನು ತಿಳಿದು ಆರಿಸುವುದು, ಆರಿಸಿದ್ದನ್ನು ಗಿರಾಕಿಗೆ ತಿಳಿಸಿ ಮಾರುವುದು ಖಂಡಿತ ಎಟುಕುವಂಥದ್ದು. ಬರುವ ಶೈಕ್ಷಣಿಕ ವರ್ಷದ ಯೋಜನೆಗಳಿಗಾಗಿ ಕಾಲೇಜುಗಳು ಬೋರ್ಡುಗಳ ಪಟ್ಟಿಯನ್ನು ತಯಾರಿಸುವ ಮೊದಲೇ ಈ ಭಾಗದ ತಯಾರಕರು, ವರ್ತಕರು ಮತ್ತು ವಿದ್ಯಾಸಂಸ್ಥೆಗಳು ಒಂದೆಡೆ ಕುಳಿತು ಆ ಐದು ಸಾಲುಗಳ ನಮೂನೆಯನ್ನು ಒಪ್ಪಿಕೊಂಡರೆ, ಕೆಲಸ ಅರ್ಧ ಮುಗಿದಂತೆ.